ಅಗಲ ಪೈಪಿನ ಕಾರು

ಆ ಕಾರಿಗೆ ಪೈಪು ಕೂರಿಸಿದವಳು ನಾನೇ. ಬಿಟಿಎಂ ಲೇಔಟಿನ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಿಡಿದು ಎಂಜಿನ್ನಿನ ತೊಂದರೆ ಹುಡುಕುವುದು ನನ್ನ ಕೆಲಸ. ಕೈ ಸಾಲದಿದ್ದಾಗ ಸ್ಪ್ಯಾನರೂ ಹಿಡಿಯುತ್ತೇನೆ. ಅವತ್ತು ಬಂದವರು ಶ್ರೀನಗರದ ಒಬ್ಬ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಆದವರು, ಮಂಡಿ ಆಪರೇಷನ್ ಆದವರು, ಹೀಗೆ ಹಾಸಿಗೆ ಬಿಟ್ಟು ಏಳಲಾರದವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವವರು. ಬನಶಂಕರಿಯಿಂದ ಬೇಗೂರಿನವರೆಗೆ ದಿನವಿಡೀ ಕಾರಿನಲ್ಲೇ ಓಡಾಟ. ಮಾಮೂಲಿ ಸರ್ವಿಸಿಗೆ ಕಾರು ತಂದಿದ್ದರು, ಏರ್ ಫಿಲ್ಟರ್ ಬದಲಾಯಿಸಬೇಕಿತ್ತು.

ಆಗ ಗ್ಯಾರೇಜಿನ ಯಜಮಾನರ ಮಗ ಬಂದು ಅವರಿಗೆ ತನ್ನ ಪೈಪು ತೋರಿಸಿದ.

"ಮೇಡಂ, ಇದನ್ನ ಹಾಕ್ಸಿ. ಇನ್ಮೇಲೆ ಫಿಲ್ಟರ್ ಚೇಂಜ್ ಮಾಡೋ ತಲೆನೋವೇ ಇರಲ್ಲ, ತೊಳೆದು ಮತ್ತೆ ಹಾಕಿದ್ರಾಯ್ತು. ಪಿಕಪ್ ನೋಡಿ, ಸಖತ್ತಾಗಿರತ್ತೆ."

ಹೊಳೆಯುವ ಅಲ್ಯುಮಿನಿಯಂ ಪೈಪು, ತುದಿಗೆ ಕೆಂಪು ಬಟ್ಟೆಯ ಶಂಕುವಿನಾಕಾರದ ಫಿಲ್ಟರು. ಪೈಪನ್ನು ಅವನೇ ಹಿಂದಿನ ಶೆಡ್ಡಿನಲ್ಲಿ ಬಾಗಿಸಿ, ಬೆಸುಗೆ ಹಾಕಿ, ಪಾಲಿಶ್ ಮಾಡುತ್ತಿದ್ದ. ಕೆಲಸ ಅಚ್ಚುಕಟ್ಟು. ಕಂಪನಿಯವರು ಕಾರಿನೊಳಗೆ ಕೊಡುವ ಕಪ್ಪು ಪ್ಲಾಸ್ಟಿಕ್ ಫಿಲ್ಟರ್ ಡಬ್ಬಿಯನ್ನು ಕಿತ್ತು ಅದರ ಜಾಗಕ್ಕೆ ಇದನ್ನು ಹಾಕಬೇಕು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಒಂದು ಸೆನ್ಸರು ಆ ಡಬ್ಬಿಯ ಕೊಳವೆಯಲ್ಲಿರುತ್ತದೆ. ಅದನ್ನು ಬಿಚ್ಚಿ ಹೊಸ ಪೈಪಿನ ಮೇಲೆ ಕೂರಿಸಬೇಕು. ಎಲ್ಲ ಕಾರುಗಳಲ್ಲೂ ಈ ಸೆನ್ಸರು ಇರುವುದಿಲ್ಲ. ಈ ಮಾದರಿಯಲ್ಲಿ ಇತ್ತು. ನಾನು ಬಿಚ್ಚಿದೆ, ಕೂರಿಸಿದೆ, ಕ್ಲಾಂಪ್ ಬಿಗಿದೆ, ಸ್ಟಾರ್ಟ್ ಮಾಡಿ ನೋಡಿದೆ. ಎಂಜಿನ್ ಉಸಿರೆಳೆದುಕೊಳ್ಳುವ ಸದ್ದು ಗಡುಸಾಗಿ ಕೇಳಿತು. ಫಿಸಿಯೋಥೆರಪಿಸ್ಟ್ ನಕ್ಕರು. "ಪರವಾಗಿಲ್ವೇ, ನನ್ ಗಾಡಿಗೂ ಗಂಟಲು ಬಂತು," ಎಂದರು. ಹಳೆಯ ಡಬ್ಬಿಯನ್ನು ಗುಜರಿಗೆ ಹಾಕಲು ಒಪ್ಪಿದರು.

ಕೆಲವು ವಾರಗಳ ಮೇಲೆ ಅವರು ಮತ್ತೆ ಬಂದರು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡಿತ್ತು. ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತದೆ ಎಂದರು. ಸ್ಕ್ಯಾನರ್ ಹಾಕಿದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ಕೋಡ್ ಬಂದಿತ್ತು. ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೆ ಕೂದಲಿಗಿಂತ ಸಣ್ಣದೊಂದು ತಂತಿ ಇರುತ್ತದೆ. ಕಂಪ್ಯೂಟರ್ ಅದನ್ನು ಕಾಯಿಸುತ್ತದೆ, ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಎಷ್ಟು ತಣಿಯಿತು ಎಂಬುದರ ಮೇಲೆ ಎಷ್ಟು ಗಾಳಿ ಬಂತೆಂದು ತಿಳಿಯುತ್ತದೆ. ಆ ತಂತಿಯ ಮೇಲೆ ಎಣ್ಣೆಯ ತೆಳ್ಳಗಿನ ಪೊರೆ ಇದ್ದಂತೆ ಕಂಡಿತು. ಕೆಂಪು ಬಟ್ಟೆಯ ಫಿಲ್ಟರು ಧೂಳು ಹಿಡಿಯಲೆಂದು ಅದಕ್ಕೆ ಎಣ್ಣೆ ಸವರಿರುತ್ತಾರೆ. ಎಣ್ಣೆ ಹೆಚ್ಚಾದರೆ ಗಾಳಿಯ ಜೊತೆ ಹಾರಿ ತಂತಿಗೆ ಅಂಟಿಕೊಳ್ಳುತ್ತದೆ. ಇದು ನಮ್ಮ ವೃತ್ತಿಯಲ್ಲಿ ಎಲ್ಲರೂ ಹೇಳುವ ಮಾತು.

"ಮೇಡಂ, ಫಿಲ್ಟರ್ ತೊಳೆದು ಎಣ್ಣೆ ಜಾಸ್ತಿ ಹಾಕಿದ್ರಾ?" ಎಂದು ಕೇಳಿದೆ.

"ನಾನು ಬಾನೆಟ್ಟೇ ತೆಗೆದಿಲ್ಲಮ್ಮ. ಎಣ್ಣೆ ಎಲ್ಲಿಂದ ಹಾಕ್ಲಿ?"

ಸ್ಪ್ರೇ ಹೊಡೆದು ತಂತಿ ಶುಚಿ ಮಾಡಿದೆ, ಫಿಲ್ಟರಿನ ಎಣ್ಣೆಯನ್ನು ಒತ್ತಿ ತೆಗೆದೆ, ಕೋಡ್ ಅಳಿಸಿದೆ. ಓಡಿಸಿ ನೋಡಿದರೆ ಕಾರು ಹೂವಿನಂತೆ ಹೋಯಿತು. ಕಾರಣ ಸಿಕ್ಕಿತು ಎಂದುಕೊಂಡೆ.

ಅವರು ಮೂರನೆಯ ಸಲ ಬಂದಾಗ ಮುಖದಲ್ಲಿ ನಗು ಇರಲಿಲ್ಲ. ತಡವರಿಕೆ ಹೆಚ್ಚಾಗಿತ್ತು, ಜೊತೆಗೆ ಟ್ರಾಫಿಕ್ಕಿನಲ್ಲಿ ನಿಂತಾಗ ಗಾಡಿ ಆಫ್ ಆಗುತ್ತಿತ್ತು. ನಾನು ಕಾರನ್ನು ಉಳಿಸಿಕೊಂಡೆ. ಹೊಗೆ ಬಿಡುವ ಯಂತ್ರ ತಂದು ಪೈಪಿನೊಳಗೆ ಹೊಗೆ ತುಂಬಿಸಿ, ಎಲ್ಲಾದರೂ ಸೋರುತ್ತಿದೆಯೇ ಎಂದು ಟಾರ್ಚು ಹಿಡಿದು ನೋಡಿದೆ. ಒಂದು ಎಳೆ ಹೊಗೆಯೂ ಹೊರಗೆ ಬರಲಿಲ್ಲ. ಪೆಟ್ರೋಲ್ ಒತ್ತಡ ಸರಿಯಿತ್ತು. ಸ್ಪಾರ್ಕ್ ಪ್ಲಗ್ ಸರಿಯಿತ್ತು. ಸೆನ್ಸರಿನ ತಂತಿ ಈ ಸಲ ಶುಚಿಯಾಗಿಯೇ ಇತ್ತು. ಆದರೂ ಹೊಸ ಸೆನ್ಸರ್ ತರಿಸಿ ಹಾಕಿದೆ. ಕಾರು ಸರಿಹೋಯಿತು. ಸ್ವಲ್ಪ ಕಾಲದ ಮೇಲೆ ಮತ್ತೆ ಅದೇ ದೀಪ, ಅದೇ ಕೋಡ್.

ಇಷ್ಟರಲ್ಲಿ ಆ ಪೈಪು ಹಾಕಿಸಿಕೊಂಡ ಬೇರೆ ಕಾರುಗಳೂ ಬರತೊಡಗಿದವು. ಮಗ ತನ್ನ ಕಾರಿಗೆ ಮೊದಲು ಮಾಡಿಕೊಂಡ ಪೈಪಿನ ಅಳತೆಯಲ್ಲೇ ಎಲ್ಲವನ್ನೂ ಮಾಡಿದ್ದ. ಕಾರು ಓಡುವ ವಿಡಿಯೋ ಹಾಕಿದ್ದ, ಹುಡುಗರು ಜೆ.ಪಿ. ನಗರ, ಜಯನಗರಗಳಿಂದ ಹುಡುಕಿಕೊಂಡು ಬಂದಿದ್ದರು. ಈಗ ಅವರೂ ಬಂದು ದೀಪ ಹೊತ್ತಿದೆ ಎನ್ನುತ್ತಿದ್ದರು.

"ಅಕ್ಕ, ಕೋಡ್ ಕ್ಲಿಯರ್ ಮಾಡಿ ಕಳ್ಸಿ," ಎಂದ ಮಗ. "ಹೊಸ ಪೈಪು ಅಲ್ವಾ, ಸ್ವಲ್ಪ ಓಡಿದ್ರೆ ತಾನೇ ಸೆಟ್ ಆಗತ್ತೆ."

ನಾನು ಅಳಿಸಿ ಕಳಿಸುತ್ತಿದ್ದೆ. ಕೋಡ್ ಅಳಿಸಿದರೆ ಎಂಜಿನ್ನಿನ ಕಂಪ್ಯೂಟರ್ ಅಲ್ಲಿಯವರೆಗೆ ಕಲಿತದ್ದನ್ನೂ ಮರೆಯುತ್ತದೆ. ಮತ್ತೆ ಕಲಿಯಲು ಅದಕ್ಕೆ ಕೆಲವು ದಿನ ಬೇಕು. ನಾನು ರಿಪೇರಿ ಮಾಡಿದೆ ಎಂದುಕೊಂಡದ್ದು ಬರೀ ಆ ಕೆಲವು ದಿನ ಎಂದು ನಿಧಾನಕ್ಕೆ ಅರ್ಥವಾಗತೊಡಗಿತು. ಪೈಪಿನಲ್ಲೇ ಏನೋ ಇದೆ ಎಂದು ಅನುಮಾನ ಹುಟ್ಟಿತು. ಆದರೆ ಆ ಮಾತನ್ನು ಹೇಳುವುದು ಯಾರ ಮುಂದೆ?

ನಮ್ಮ ಯಜಮಾನರ ಮನೆತನ ಅಲ್ಲಿಯ ಹಳೆಯ ಹಳ್ಳಿಯದು. ಗ್ಯಾರೇಜು ನಿಂತ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಈಗ ಕೆಳಗೆ ಗ್ಯಾರೇಜು, ಪಕ್ಕದಲ್ಲಿ ಅವರ ಮನೆ, ಗ್ಯಾರೇಜಿನ ಮೇಲೆ ಬಾಡಿಗೆಗೆ ಕೊಡಲು ಕಟ್ಟಿಸಿದ ಎರಡು ಕೋಣೆ. ಆ ಕೋಣೆಗಳಲ್ಲಿ ನಾನು, ನನ್ನ ಗಂಡ, ಮಗಳು ಇದ್ದೆವು. ಗದಗದಿಂದ ಬಂದ ನಮಗೆ ಕೆಲಸದ ಜೊತೆಗೆ ಮನೆಯನ್ನೂ ಕೊಟ್ಟವರು ಅವರು. ಮಗಳು ಎಲ್‌ಕೆಜಿ. ಮಧ್ಯಾಹ್ನ ಶಾಲೆಯಿಂದ ಅವಳನ್ನು ಕರೆತಂದು ಊಟ ಮಾಡಿಸುತ್ತಿದ್ದವರು ಯಜಮಾನರ ಹೆಂಡತಿ. ನಾನು ಕಾರಿನ ಕೆಳಗೆ ಮಲಗಿ ಕೆಲಸ ಮಾಡುವಾಗ ಪಕ್ಕದ ಕಿಟಕಿಯಿಂದ, "ಇನ್ನೊಂದ್ ತುತ್ತು ಚಿನ್ನಾ, ಆ ಅನ್ನು," ಎಂಬ ಅವರ ದನಿ ಕೇಳುತ್ತಿತ್ತು. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಹೆದರಿಸಿದ್ದರೆ ಜಗಳವಾಡಬಹುದಿತ್ತು. ಇಷ್ಟು ಒಳ್ಳೆಯವರ ಮಗ ಪ್ರೀತಿಯಿಂದ ಮಾಡುತ್ತಿರುವ ಕೆಲಸವನ್ನು ಕೆಟ್ಟದ್ದು ಎನ್ನಲು ಕೈಯಲ್ಲಿ ಗಟ್ಟಿ ಕಾರಣ ಬೇಕಿತ್ತು, ನನ್ನಲ್ಲಿ ಅದಿರಲಿಲ್ಲ. ಗ್ಯಾರೇಜಿನಲ್ಲಿ ಬಾನೆಟ್ ತೆಗೆದು ಪರೀಕ್ಷೆ ಮಾಡಿದಾಗಲೆಲ್ಲ ಕಾರು ಒಮ್ಮೆಯೂ ಆಫ್ ಆಗಲಿಲ್ಲ.

ಫಿಸಿಯೋಥೆರಪಿಸ್ಟ್ ಮತ್ತೆ ಫೋನ್ ಮಾಡಿದರು. "ಜಂಕ್ಷನ್ ಮಧ್ಯದಲ್ಲಿ ನಿಂತೋಯ್ತಮ್ಮ. ಹಿಂದೆ ಬಸ್ಸು. ಇನ್ನು ಈ ಗಾಡೀಲಿ ಹೋಗೋಕೆ ಭಯ ಆಗತ್ತೆ."

"ಮೇಡಂ, ನಿಮ್ ಜೊತೆ ನಾನೇ ಬರ್ತೀನಿ," ಎಂದೆ. "ನೀವು ದಿನಾ ಹೆಂಗೆ ಓಡಿಸ್ತೀರೋ ಹಂಗೇ ಓಡ್ಸಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟೆವು. ಅವರು ಓಡಿಸುತ್ತಿದ್ದರು, ನಾನು ಪಕ್ಕದ ಸೀಟಿನಲ್ಲಿ ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಎರಡು ಸಂಖ್ಯೆಗಳ ಮೇಲೆ ನನ್ನ ಕಣ್ಣು. ಒಂದು, ಎಂಜಿನ್ ಎಳೆದುಕೊಳ್ಳುವ ಗಾಳಿಯ ಬಿಸಿ. ಇನ್ನೊಂದು, ಕಂಪ್ಯೂಟರ್ ತಾನು ಲೆಕ್ಕ ಹಾಕಿದ್ದಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಹಾಕಬೇಕಾಗುತ್ತಿದೆ ಎಂಬುದು. ಆರೋಗ್ಯವಾಗಿರುವ ಕಾರಿನಲ್ಲಿ ಇದು ಸೊನ್ನೆಯ ಆಸುಪಾಸು ಇರುತ್ತದೆ. ಹೊರಡುವಾಗಲೇ ಹದಿನೈದು ದಾಟಿತ್ತು.

ಬನ್ನೇರುಘಟ್ಟ ರಸ್ತೆಗೆ ಬಂದೆವು. ಮೆಟ್ರೋ ಕಾಮಗಾರಿಗೆ ಎರಡೂ ಕಡೆ ತಗಡಿನ ಬೇಲಿ ಹಾಕಿ ಒಂದೇ ಸಾಲು ವಾಹನ ಹೋಗುವಷ್ಟು ದಾರಿ ಬಿಟ್ಟ ಜಾಗ ಅದು. ಅದರೊಳಗೆ ಹೊಕ್ಕ ಮೇಲೆ ತಿರುಗುವಂತಿಲ್ಲ, ಪಕ್ಕಕ್ಕೆ ಸರಿಯುವಂತಿಲ್ಲ. ವಾಹನಗಳು ನಿಂತವು. ಬಾನೆಟ್ ಮುಚ್ಚಿದ ಎಂಜಿನ್ನಿನ ಕೋಣೆಯಲ್ಲಿ ಶಾಖ ಏರುತ್ತಿದ್ದುದು ನನಗೆ ಸಂಖ್ಯೆಯಲ್ಲಿ ಕಾಣುತ್ತಿತ್ತು. ಹಳೆಯ ಡಬ್ಬಿಗೆ ಹೊರಗಿನ ತಣ್ಣನೆಯ ಗಾಳಿ ತರುವ ಮೂತಿ ಇತ್ತು. ಈ ಕೆಂಪು ಫಿಲ್ಟರು ಎಂಜಿನ್ನಿನ ಪಕ್ಕದಲ್ಲೇ ಬಾಯಿ ತೆರೆದು ಕೂತು ಅದೇ ಕಾದ ಗಾಳಿಯನ್ನು ಎಳೆಯುತ್ತಿತ್ತು. ಬಿಸಿ ಅರವತ್ತು ಡಿಗ್ರಿ ದಾಟಿತು. ಪೆಟ್ರೋಲಿನ ಸಂಖ್ಯೆ ಇಪ್ಪತ್ತೈದಕ್ಕೆ ಬಂದು ಅಲ್ಲೇ ನಿಂತಿತು. ಅದು ಕಂಪ್ಯೂಟರಿನ ಮಿತಿ. ಅದಕ್ಕಿಂತ ಹೆಚ್ಚು ಹಾಕಲು ಅದಕ್ಕೆ ಬರುವುದಿಲ್ಲ.

ಎಸಿ ಕ್ಲಿಕ್ ಎಂದು ಎಂಜಿನ್ನಿನ ಮೇಲೆ ತನ್ನ ಭಾರ ಹಾಕಿತು. ಎಂಜಿನ್ ಒಮ್ಮೆ ನಡುಗಿ ಆಫ್ ಆಯಿತು.

"ನೋಡಿದ್ರಾ? ಇದೇ, ಇದೇ ಆಗೋದು," ಎಂದರು ಅವರು. ಸ್ಟಾರ್ಟ್ ಮಾಡಿದರು. ಹಿಡಿದುಕೊಂಡಿತು, ಗೇರ್ ಹಾಕುವಷ್ಟರಲ್ಲಿ ಮತ್ತೆ ಆಫ್. ಮುಂದಿನ ವಾಹನಗಳು ಸಾಗಿ ನಮ್ಮ ಮುಂದೆ ಖಾಲಿ ರಸ್ತೆ ಬಿದ್ದಿತು. ಹಿಂದೆ ಹಾರ್ನ್ ಶುರುವಾಯಿತು. ಎಸಿ ನಿಲ್ಲಿಸಿ ಮತ್ತೆ ಪ್ರಯತ್ನಿಸಿ ಎಂದೆ. ಈ ಸಲ ಹಿಡಿದುಕೊಳ್ಳಲೂ ಇಲ್ಲ. ಹಾರ್ನುಗಳ ಹಿಂದಿನಿಂದ ಇನ್ನೊಂದು ಸದ್ದು ಕೇಳಿಸಿತು. ಆಂಬ್ಯುಲೆನ್ಸಿನ ಸೈರನ್.

ನಾನು ಕನ್ನಡಿಯಲ್ಲಿ ನೋಡಿದೆ. ನಾಲ್ಕೈದು ವಾಹನಗಳ ಹಿಂದೆ ಅದರ ದೀಪ ತಿರುಗುತ್ತಿತ್ತು. ಎರಡೂ ಕಡೆ ತಗಡು. ಆ ಇಡೀ ಸಾಲಿನ ಬಾಯಿಗೆ ನಾವು ಮುಚ್ಚಳ ಹಾಕಿದಂತೆ ಕೂತಿದ್ದೆವು. ನಾನು ಇಳಿಯಲು ಹೋದರೆ ನನ್ನ ಕಡೆಯ ಬಾಗಿಲು ಬೇಲಿಗೆ ಬಡಿದು ಪೂರ್ತಿ ತೆರೆಯಲಿಲ್ಲ. ಸಂದಿಯಲ್ಲಿ ನುಸುಳಿ ಹೊರಬಂದೆ. ಹಿಂದಿನ ಆಟೋದ ಪ್ರಯಾಣಿಕ ಆಗಲೇ ಇಳಿದು ಓಡಿಬಂದಿದ್ದ.

"ಅಕ್ಕ, ನ್ಯೂಟ್ರಲ್ ಹಾಕೋಕೆ ಹೇಳಿ, ನ್ಯೂಟ್ರಲ್! ತಳ್ಳಣ!"

ಬೈಕುಗಳ ಹಿಂದಿನ ಸೀಟಿನಲ್ಲಿದ್ದ ಇನ್ನಿಬ್ಬರು ಇಳಿದು ಕೈಜೋಡಿಸಿದರು. ರಸ್ತೆ ತುಸು ಏರಾಗಿತ್ತು. ಕಾದ ತಗಡಿನ ನಡುವೆ, ಸೈರನ್ನನ್ನು ಬೆನ್ನಿಗಿಟ್ಟುಕೊಂಡು ಆ ಕಾರನ್ನು ತಳ್ಳಿದೆವು. ಒಳಗೆ ಸ್ಟೀರಿಂಗ್ ಹಿಡಿದ ಫಿಸಿಯೋಥೆರಪಿಸ್ಟ್ ಅಳುತ್ತಿದ್ದರು. ಬೇಲಿ ಮುಗಿದು ಒಂದು ಅಂಗಡಿಯ ಮುಂದಿನ ಜಾಗ ಸಿಗುವವರೆಗೆ ಎಷ್ಟು ಹೊತ್ತಾಯಿತೋ ನಾನು ನೋಡಲಿಲ್ಲ. ಕಾರು ಪಕ್ಕಕ್ಕೆ ಬಂದ ಕೂಡಲೇ ಆಂಬ್ಯುಲೆನ್ಸ್ ನಮ್ಮನ್ನು ದಾಟಿ ಹೋಯಿತು. ಹಿಂದಿನ ಗಾಜಿನಲ್ಲಿ ಯಾರದೋ ಬಗ್ಗಿದ ಬೆನ್ನು ಕಂಡಿತು. ಒಳಗಿದ್ದವರು ಯಾರು, ಏನಾದರು, ನನಗೆ ಇವತ್ತಿಗೂ ಗೊತ್ತಿಲ್ಲ.

ಫಿಸಿಯೋಥೆರಪಿಸ್ಟ್ ಇಳಿದು ಫುಟ್‌ಪಾತಿನಲ್ಲಿ ಕೂತರು. "ನನ್ ಪೇಷೆಂಟ್ಸ್ ಎಲ್ಲಾ ಇಂಥಾ ಆಂಬ್ಯುಲೆನ್ಸಲ್ಲಿ ಹೋದವರೇ," ಎಂದರು. "ಟೈಮಿಗೆ ಹೋಗಿದ್ರೆ ಕೈ ಉಳೀತಿತ್ತು, ಮಾತು ಉಳೀತಿತ್ತು ಅಂತ ಅವರ ಮನೆಯವರು ದಿನಾ ಹೇಳ್ತಾರೆ. ಇದನ್ನ ತೆಗೆದುಬಿಡಿ. ನನಗೆ ಈ ಗಂಟಲೂ ಬೇಡ, ಏನೂ ಬೇಡ."

ಇನ್ನು ಮೇಲೆ ಯಾವ ಕಾರಿನ ಕೋಡನ್ನೂ ಬರೀ ಅಳಿಸಿ ಕಳಿಸುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಬಂದು ಯಜಮಾನರಿಗೆ ಆದದ್ದೆಲ್ಲ ಹೇಳಿದೆ. ಮಗನೂ ಅಲ್ಲಿದ್ದ.

"ಸಾರ್, ಈ ಪೈಪು ಇನ್ನೊಂದು ಗಾಡಿಗೆ ಹಾಕೋದು ಬೇಡ. ಹಾಕಿರೋ ಗಾಡಿಗಳನ್ನ ವಾಪಸ್ ಕರೆಸ್ಬೇಕು."

ಯಜಮಾನರು ಮಗನ ಮುಖ ನೋಡಿದರು. ಅವನಿಗೆ ಸಿಟ್ಟು ಬಂದಿರಲಿಲ್ಲ, ನಿಜಕ್ಕೂ ನೋವಾಗಿತ್ತು.

"ಅಕ್ಕ, ನನ್ ಗಾಡಿಲೂ ಇದೇ ಪೈಪ್ ಇದೆ. ಇದೇ ಮಾಡೆಲ್ ಗಾಡಿ. ಎರಡು ವರ್ಷದಿಂದ ಓಡಿಸ್ತಿದೀನಿ, ಒಂದಿನಾನೂ ಲೈಟ್ ಬಂದಿಲ್ಲ. ಬೇಕಾದ್ರೆ ಈಗ್ಲೇ ಚೆಕ್ ಮಾಡಿ."

ಅವನೇ ತನ್ನ ಕಾರನ್ನು ಒಳಗೆ ತಂದ. ನಾನು ಸ್ಕ್ಯಾನರ್ ಹಾಕಿದೆ. ಪೆಟ್ರೋಲಿನ ಸಂಖ್ಯೆ ಸೊನ್ನೆಯ ಹತ್ತಿರ. ಬಾನೆಟ್ ಮುಚ್ಚಿ, ಎಸಿ ಹಾಕಿ, ಗಾಳಿಯ ಬಿಸಿ ಅರವತ್ತು ದಾಟುವವರೆಗೆ ಬಿಟ್ಟೆ. ಸಂಖ್ಯೆ ಕದಲಲಿಲ್ಲ. ಎಂಜಿನ್ ನಡುಗಲೂ ಇಲ್ಲ. ನಾನು ಪೈಪಿನ ಅಳತೆ ತೆಗೆದೆ. ಎರಡೂ ಒಂದೇ. ನನ್ನ ಊಹೆ ಎಲ್ಲರ ಕಣ್ಣ ಮುಂದೆ ಬಿದ್ದುಹೋಯಿತು.

"ನೋಡಮ್ಮ," ಎಂದರು ಯಜಮಾನರು, ಬಹಳ ಮೆತ್ತಗೆ. "ಆ ಮೇಡಂ ಗಾಡೀಲೇ ಬೇರೆ ಏನೋ ಇರ್ಬೇಕು. ನೀನು ಹೆದ್ರಿದೀಯ. ಮನೆಗೆ ಹೋಗಿ ಊಟ ಮಾಡು, ನಾಳೆ ನೋಡಣ."

ಮೆಟ್ಟಿಲು ಹತ್ತಿದೆ. ಗಂಡ ಅವತ್ತು ರಜೆಯಲ್ಲಿದ್ದರು. ರೊಟ್ಟಿ ಮುರಿಯುತ್ತಾ ಎಲ್ಲ ಕೇಳಿಸಿಕೊಂಡರು.

"ನೀ ಹೇಳೂದು ಖರೇನ ಇರಬಹುದು," ಎಂದರು. "ಆದ್ರ ಅವರ ಮಗನ ಗಾಡಿ ಛಲೋ ಐತಲ್ಲ? ಏನ್ ತೋರಿಸಿ ಹೇಳ್ತಿ? ಸುಮ್ನ ಅವರ ಮನಸ್ಸು ಮುರ್ದು ನಾಳೆ ಮನಿ ಬಿಡ್ರಿ ಅಂದ್ರ, ಈ ಕೂಸಿನ್ನ ಎಲ್ಲಿ ಬಿಟ್ಟು ಕೆಲಸಕ್ಕ ಹೋಗ್ತಿ?"

"ಅವರು ಹಂಗ ಅನ್ನಂಗಿಲ್ರಿ."

"ಅನ್ನಂಗಿಲ್ಲ, ನನಗೂ ಗೊತ್ತೈತಿ. ಆದ್ರೂ ಹೆದರಿಕಿ ಇರ್ತೈತಿ ನೋಡು."

ಮಗಳು ಪಕ್ಕದ ಮನೆಯಲ್ಲಿ ನಗುತ್ತಿದ್ದುದು ಕೇಳುತ್ತಿತ್ತು. ನನಗೆ ಊಟ ಸೇರಲಿಲ್ಲ. ಒಂದೇ ಪೈಪು, ಒಂದೇ ಮಾದರಿಯ ಕಾರು, ಒಂದು ಸಾಯುತ್ತದೆ, ಒಂದು ಓಡುತ್ತದೆ. ನಾನು ಇಷ್ಟು ದಿನ ಕೆಟ್ಟ ಕಾರಿನಲ್ಲಿ ಏನು ಕೆಟ್ಟಿದೆ ಎಂದು ಹುಡುಕಿದ್ದೆ. ಅದರಲ್ಲಿ ಪೈಪು ಬಿಟ್ಟು ಎಲ್ಲವೂ ಸರಿಯಿತ್ತು. ಹಾಗಾದರೆ ಬೇರೆಯಾಗಿರುವುದು ಚೆನ್ನಾಗಿ ಓಡುವ ಕಾರೇ ಇರಬೇಕಲ್ಲ? ಅದನ್ನು ತಿಳಿಯಲು ಒಂದೇ ದಾರಿ ಇತ್ತು. ಆ ಕಾರಿಗೆ ಕಂಪನಿಯ ಡಬ್ಬಿಯನ್ನು ವಾಪಸ್ ಹಾಕಿ ನೋಡುವುದು.

ಮರುದಿನ ಬೆಳಿಗ್ಗೆ ಜೆ.ಸಿ. ರಸ್ತೆಗೆ ಹೋಗಿ ಹಳೆಯ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಆ ಮಾದರಿಯ ಫಿಲ್ಟರ್ ಡಬ್ಬಿ ಹುಡುಕಿದೆ. ಒಂದು ಅಂಗಡಿಯಲ್ಲಿ ಮೂತಿ ಮುರಿದದ್ದು, ಇನ್ನೊಂದರಲ್ಲಿ ಬೇರೆ ಎಂಜಿನ್ನಿನದು. ಕೊನೆಗೆ ಒಂದು ಸರಿಯಾದದ್ದು ಸಿಕ್ಕಿತು. ಹೇಗಿದ್ದರೂ ಫಿಸಿಯೋಥೆರಪಿಸ್ಟರ ಕಾರಿಗೆ ಅದು ಬೇಕೇ ಆಗಿತ್ತು. ತಂದು ಯಜಮಾನರ ಮಗನ ಮುಂದೆ ಇಟ್ಟೆ.

"ಇದನ್ನ ನಿನ್ ಗಾಡಿಗೆ ಒಂದ್ ಸಲ ಹಾಕ್ತೀನಿ. ಸಂಜೆಯೊಳಗೆ ನಿನ್ ಪೈಪು ವಾಪಸ್ ಹಾಕ್ಕೊಡ್ತೀನಿ."

"ಯಾಕಕ್ಕ? ಚೆನ್ನಾಗಿರೋ ಗಾಡಿನ ಯಾಕೆ ಮುಟ್ತೀರ?"

"ಪೈಪು ಚೆನ್ನಾಗಿದ್ರೆ, ಅದನ್ನ ತೆಗೆದು ಕಂಪನಿ ಡಬ್ಬಿ ಹಾಕಿದ್ರೂ ಗಾಡಿ ಚೆನ್ನಾಗೇ ಇರ್ಬೇಕು. ಕಂಪನಿಯವರು ಇದರ ಮೇಲೇ ಅಲ್ವಾ ಎಂಜಿನ್ ಮಾಡಿರೋದು? ಹಂಗೇ ಇದ್ರೆ ನಾನು ಇನ್ಮೇಲೆ ಪೈಪಿನ ಬಗ್ಗೆ ಮಾತೆತ್ತಲ್ಲ."

ಅವನು ಅಪ್ಪನ ಕಡೆ ನೋಡಿದ. "ಕೊಡೋ, ನೋಡ್ಲಿ," ಎಂದರು ಯಜಮಾನರು. ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು.

ಪೈಪು ಬಿಚ್ಚುವಾಗ ನನ್ನ ಬೆರಳು ಬೆವರಿ ಸ್ಪ್ಯಾನರ್ ಜಾರುತ್ತಿತ್ತು. ಇದರಲ್ಲೂ ಸಂಖ್ಯೆ ಸೊನ್ನೆಯಲ್ಲೇ ನಿಂತರೆ ನನಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಮತ್ತೆ ದಿನಾ ಕೋಡ್ ಅಳಿಸುತ್ತಾ, ಯಾವುದೋ ರಸ್ತೆಯಲ್ಲಿ ಯಾವುದೋ ಕಾರು ನಿಂತಿತೇ ಎಂದು ಕಾಯುತ್ತಾ ಇರಬೇಕಾಗುತ್ತಿತ್ತು. ಡಬ್ಬಿ ಕೂರಿಸಿ, ಸೆನ್ಸರನ್ನು ಅದರ ಕೊಳವೆಗೆ ಸೇರಿಸಿ, ಸ್ಟಾರ್ಟ್ ಮಾಡಿದೆ.

ಮೊದಲು ಬಂದದ್ದು ವಾಸನೆ. ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ. ಎಂಜಿನ್ ದಪ್ಪದಪ್ಪನೆ ಕೆಮ್ಮಿತು. ಸ್ಕ್ಯಾನರಿನಲ್ಲಿ ಸಂಖ್ಯೆ ಸೊನ್ನೆಯಿಂದ ಕೆಳಗಿಳಿಯತೊಡಗಿತು. ಮೈನಸ್ ಐದು, ಹತ್ತು, ಹದಿನೆಂಟು. ಲೆಕ್ಕಕ್ಕಿಂತ ಪೆಟ್ರೋಲ್ ಹೆಚ್ಚಾಗಿದೆ, ಕಡಿಮೆ ಮಾಡಬೇಕು ಎಂದು ಕಂಪ್ಯೂಟರ್ ಒದ್ದಾಡುತ್ತಿತ್ತು. ಕಂಪನಿಯ ಡಬ್ಬಿ ಹಾಕಿದ ಕಂಪನಿಯ ಕಾರು, ಆದರೆ ಅದಕ್ಕೆ ತನ್ನ ಡಬ್ಬಿಯೇ ಒಗ್ಗುತ್ತಿರಲಿಲ್ಲ.

"ನಿನ್ ಗಾಡಿ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದೆ.

ಅವನು ಬಗ್ಗಿ ಪರದೆಯ ಮೇಲಿನ ಸಂಖ್ಯೆ ನೋಡಿದ. "ಪೈಪ್ ಹಾಕಿದ ಮೇಲೆ ಒಬ್ಬರ ಹತ್ರ ಟ್ಯೂನ್ ಮಾಡಿಸಿದ್ದೆ," ಎಂದ. "ಅದು ಬರೀ ಪವರ್ ಜಾಸ್ತಿ ಮಾಡೋಕೆ ಅಂದ್ಕೊಂಡಿದ್ದೆ ಅಕ್ಕ. ಅವರು ಇದನ್ನೂ ಸರಿ ಮಾಡಿದ್ರು ಅಂತ ನನಗೆ ಗೊತ್ತೇ ಇರ್ಲಿಲ್ಲ."

ಯಜಮಾನರು, "ನನಗೆ ಅರ್ಥ ಆಗೋ ಹಂಗೆ ಹೇಳಮ್ಮ," ಎಂದರು.

ಗ್ಯಾರೇಜು ತೊಳೆಯುವ ನೀರಿನ ಪೈಪನ್ನು ತೋರಿಸಿ ಹೇಳಿದೆ. ಪೈಪಿನ ಬಾಯಿಯನ್ನು ಬೆರಳಿನಿಂದ ಅದುಮಿದರೆ ನೀರು ರಭಸವಾಗಿ ಹಾರುತ್ತದೆ, ಬಾಯಿ ಅಗಲ ಮಾಡಿದರೆ ಮೆಲ್ಲಗೆ ಸುರಿಯುತ್ತದೆ. ಇವನ ಪೈಪು ಕಂಪನಿಯ ಕೊಳವೆಗಿಂತ ಅಗಲ. ಅದರಲ್ಲಿ ಗಾಳಿ ಅಷ್ಟೇ ಬರುತ್ತದೆ, ಆದರೆ ನಿಧಾನಕ್ಕೆ ಬರುತ್ತದೆ. ಸೆನ್ಸರಿನ ತಂತಿ ಕಡಿಮೆ ತಣಿಯುತ್ತದೆ. ಗಾಳಿ ಕಡಿಮೆ ಇದೆ ಎಂದು ಕಂಪ್ಯೂಟರ್ ನಂಬಿ ಪೆಟ್ರೋಲನ್ನೂ ಕಡಿಮೆ ಹಾಕುತ್ತದೆ. ಆಮೇಲೆ ತಪ್ಪು ಗೊತ್ತಾಗಿ ತಿದ್ದುತ್ತಾ ಹೋಗುತ್ತದೆ; ಟ್ರಾಫಿಕ್ಕಿನ ಕಾವಿನಲ್ಲಿ ತಿದ್ದುವುದು ಇನ್ನೂ ಹೆಚ್ಚಾಗಿ, ಮಿತಿ ಮುಟ್ಟಿದ ದಿನ ಕೈಚೆಲ್ಲುತ್ತದೆ. ಇವನ ಕಾರಿಗೆ ಟ್ಯೂನ್ ಮಾಡಿದವರು ಅಗಲ ಪೈಪಿಗೆ ಹೊಂದುವ ಹೊಸ ಲೆಕ್ಕ ಬರೆದುಕೊಟ್ಟಿದ್ದಾರೆ. ಉಳಿದವರಿಗೆ ನಾವು ಪೈಪು ಮಾತ್ರ ಕೊಟ್ಟಿದ್ದೇವೆ.

"ಹಂಗಾದ್ರೆ ಆ ಸೆನ್ಸರು ಕೆಟ್ಟಿರ್ಲಿಲ್ವಾ?"

"ಇಲ್ಲ ಸಾರ್. ಹಳೇದೂ ಚೆನ್ನಾಗೇ ಇತ್ತು."

ಎಣ್ಣೆ ಸೆನ್ಸರನ್ನು ಕೆಡಿಸುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ, ಆಮೇಲೆ ಅಂಥ ಒಂದೆರಡು ಕಾರು ನೋಡಿದ್ದೇನೆ. ಈ ಕಾರುಗಳಲ್ಲಿ ಆದದ್ದು ಅದಲ್ಲ, ಅಷ್ಟೆ.

ಯಜಮಾನರು ಎದ್ದು ಹಿಂದಿನ ಶೆಡ್ಡಿಗೆ ಹೋದರು. ಅಲ್ಲಿ ಸಾಲಾಗಿ ನೇತುಹಾಕಿದ್ದ ಪಾಲಿಶ್ ಮಾಡಿದ ಪೈಪುಗಳನ್ನು ನೋಡುತ್ತಾ ನಿಂತರು. ವಾಪಸ್ ಬಂದು ಮಗನಿಗೆ, "ಎಲ್ರಿಗೂ ಫೋನ್ ಮಾಡು. ನೀನೇ ಮಾಡು," ಎಂದಷ್ಟೇ ಹೇಳಿ ಮನೆಗೆ ಹೋದರು. ನನ್ನ ಮುಖ ನೋಡಲಿಲ್ಲ.

ಮಗ ಫೋನ್ ಮಾಡಿದ. ಒಂದೊಂದೇ ಹೆಸರು ಹುಡುಕಿ, ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿ, ಬೈಸಿಕೊಂಡ. ಕೆಲವರು ಬಂದು ಪೈಪು ತೆಗೆಸಿ ಹಳೆಯ ಡಬ್ಬಿ ಹಾಕಿಸಿಕೊಂಡರು. ಕೆಲವರು ಅವನಂತೆಯೇ ಟ್ಯೂನ್ ಮಾಡಿಸಿಕೊಳ್ಳಲು ಅವನು ಹೇಳಿದಲ್ಲಿಗೆ ಹೋದರು. ಜಯನಗರದ ಒಬ್ಬ ಹುಡುಗ ಮಾತ್ರ ಬಂದು, ಎಲ್ಲ ಕೇಳಿ, "ಸೌಂಡ್ ಹೋಗತ್ತಲ್ಲ ಗುರು, ಬೇಡ ಬಿಡು," ಎಂದು ಹಾಗೆಯೇ ಹೋದ. ಅವನ ಕಾರು ಎಲ್ಲಾದರೂ ನಿಂತಿದೆಯೇನೋ ಎಂದು ನನಗೆ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಜೆ.ಸಿ. ರಸ್ತೆಯ ಡಬ್ಬಿಯನ್ನು ಫಿಸಿಯೋಥೆರಪಿಸ್ಟರ ಕಾರಿಗೆ ಕೂರಿಸಿ, ಅದನ್ನು ಅದೇ ಬನ್ನೇರುಘಟ್ಟ ರಸ್ತೆಯಲ್ಲಿ, ಅದೇ ತಗಡಿನ ನಡುವೆ, ಎಸಿ ಹಾಕಿಕೊಂಡು ನಾನೇ ಓಡಿಸಿ ನೋಡಿದೆ. ಸಂಖ್ಯೆ ಮೂರರ ಮೇಲೆ ಏರಲಿಲ್ಲ. ಕಾರು ಒಪ್ಪಿಸಿದಾಗ ಅವರು, "ಎಂಜಿನ್ ಆನ್ ಆಗಿದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ," ಎಂದು ಬಹಳ ದಿನಗಳ ಮೇಲೆ ನಕ್ಕರು.

ಯಾರೂ ನಮ್ಮನ್ನು ಮನೆ ಬಿಡಿ ಎನ್ನಲಿಲ್ಲ. ಯಜಮಾನರು ಕೆಲವು ದಿನ ಮಾತು ಕಡಿಮೆ ಮಾಡಿದರು, ಆಮೇಲೆ ಮೊದಲಿನಂತಾದರು. ಅವರ ಹೆಂಡತಿ ಒಂದು ದಿನವೂ ನನ್ನ ಮಗಳ ಊಟ ತಪ್ಪಿಸಲಿಲ್ಲ. ಎಲ್ಲ ಸರಿಹೋಯಿತು ಎಂದು ಗಂಡ ಹೇಳಿದರು. ನನಗೆ ಮಾತ್ರ ಆ ಬೆಳಿಗ್ಗೆ ಬೆವರಿದ ಬೆರಳು ಮರೆಯಲಿಲ್ಲ. ಸ್ಪ್ಯಾನರ್ ತಿರುಗಿಸುವಾಗ ಕಿವಿ ಎಂಜಿನ್ನಿನ ಕಡೆ ಇರಲಿಲ್ಲ. ಪಕ್ಕದ ಕಿಟಕಿಯ ಕಡೆ ಇತ್ತು. ಮುಂದೆ ಇನ್ನೊಂದು ಕಾರು, ಇನ್ನೊಂದು ತಪ್ಪು ಬಂದೇ ಬರುತ್ತದೆ. ಅವತ್ತು ಬಾಯಿ ತೆರೆಯುವ ಮೊದಲು ಮಗಳ ತಟ್ಟೆ ನನ್ನ ಕಣ್ಣಿಗೆ ಬರಬಾರದು ಎಂದು ಗಂಡನಿಗೆ ಹೇಳಿದೆ. ಅವರು, "ಬ್ಯಾರೆ ಮನಿ ಹುಡುಕೂಣ," ಎಂದರು.

ತಿಲಕ್ ನಗರದಲ್ಲಿ ಒಂದು ಮನೆ ಸಿಕ್ಕಿತು. ಕೋಣೆಗಳು ಚಿಕ್ಕವು, ನೀರು ದಿನ ಬಿಟ್ಟು ದಿನ. ಮಗಳನ್ನು ಹತ್ತಿರದ ಡೇ ಕೇರಿಗೆ ಸೇರಿಸಿದೆವು. ಮನೆ ಬಿಡುತ್ತೇವೆ ಎಂದಾಗ ಯಜಮಾನರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮಿಂದ ಏನಾದ್ರೂ ತಪ್ಪಾಯ್ತೇನಮ್ಮ?" ಎಂದರು. ಇಲ್ಲ ಎಂದೆ. ಅದು ನಿಜವೂ ಆಗಿತ್ತು. ಅದಕ್ಕಿಂತ ಹೆಚ್ಚು ವಿವರಿಸಲು ನನಗೆ ಬರಲಿಲ್ಲ. ಯಜಮಾನರಿಗೆ, ಕೆಲಸ ಬಿಡುವುದಿಲ್ಲ, ಮನೆ ಮಾತ್ರ ಎಂದೆ. ಅವರು ತಲೆಯಾಡಿಸಿದರು.

ಹೊಸ ಮನೆಯಿಂದ ಹೊರಟ ಮೊದಲ ದಿನ ಡೇ ಕೇರಿನ ಬಾಗಿಲಲ್ಲಿ ಮಗಳು ಕಾಲು ಹಿಡಿದು ಅತ್ತಳು, ಬಿಡಿಸಿಕೊಂಡು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಗ್ಯಾರೇಜಿಗೆ ಬಂದಾಗ ಮೂರು ಕಾರುಗಳು ಸಾಲಾಗಿ ಕಾಯುತ್ತಿದ್ದವು. ಯಜಮಾನರು ಬಾಗಿಲಲ್ಲೇ ನಿಂತಿದ್ದರು.

"ಏನಮ್ಮ, ಇದೇನು ಬರೋ ಟೈಮಾ? ಕಸ್ಟಮರ್ಸ್ ಎಲ್ಲಾ ಕಾಯ್ತಿದಾರೆ. ಹಿಂಗಾದ್ರೆ ಗ್ಯಾರೇಜ್ ನಡೆದಂಗೇ!"

ಅವರ ಬಳಿ ಕೆಲಸಕ್ಕೆ ಸೇರಿದ ಮೇಲೆ ಅವರು ನನಗೆ ಬೈದದ್ದು ಅದೇ ಮೊದಲು. "ಸಾರಿ ಸಾರ್, ನಾಳೆಯಿಂದ ಬೇಗ ಹೊರಡ್ತೀನಿ," ಎಂದೆ. ನಮ್ಮ ನಡುವೆ ಈಗ ಉಳಿದದ್ದು ಕೆಲಸ ಮಾತ್ರ, ಎದೆ ಹಗುರವಾಗಿತ್ತು. ಮೊದಲ ಕಾರಿನ ಬಾನೆಟ್ ಎತ್ತಿದೆ.